ರಿಪೇರಿ ಆಯ್ತಲ್ಲ, ಬರೆಯೋದೇನು?

ಹೊರದೇಶದಲ್ಲಿ ಎಲೆಕ್ಟ್ರಾನಿಕ್ ಉಪಕರಣ ರಿಪೇರಿ ಮಾಡೋ ಈ ಕೆಲಸಕ್ಕೆ ಸೇರಿ ಎರಡನೇ ವಾರ. ಬೆಂಚಿನ ಮೇಲಿದ್ದ ಒಂದು ಪವರ್ ಸಪ್ಲೈ ಒಮ್ಮೆ ಓಡುತ್ತಿತ್ತು, ಒಮ್ಮೆ ಸುಮ್ಮನಾಗುತ್ತಿತ್ತು. ಬಿಚ್ಚಿ, ಒಣ ಮರದ ಕಡ್ಡಿಯಿಂದ ಬೋರ್ಡನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟಿದೆ. ಕನೆಕ್ಟರ್ ಹತ್ತಿರ ತಟ್ಟಿದಾಗ ಮೀಟರಿನ ಅಂಕಿ ಕುಣಿಯಿತು. ಆಫ್ ಮಾಡಿ ಭೂತಗನ್ನಡಿ ಹಿಡಿದರೆ, ಪಿನ್ನಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ. ಡ್ರೈ ಸೋಲ್ಡರ್, ಅಂದರೆ ಬೆಸುಗೆ ಸರಿಯಾಗಿ ಹಿಡಿದಿಲ್ಲ! ಬೆಸುಗೆ ಚೆನ್ನಾಗಿ ಹಿಡಿಯಲೆಂದು ಫ್ಲಕ್ಸ್ ಹಚ್ಚಿ ಹೊಸ ಸೋಲ್ಡರ್ ಕೊಟ್ಟೆ. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಸೀನಿಯರ್ ಬಂದರು. ಬೆನ್ನು ತಟ್ಟುತ್ತಾರೆ ಅಂದುಕೊಂಡೆ. "ಎಲ್ಲಿ ಬರೆದಿದ್ದೀರಿ?" ಅಂದರು.

"ರಿಪೇರಿ ಆಯ್ತಲ್ಲ, ಬರೆಯೋದೇನು?"

ಅವರು ಮಾತಾಡದೆ ಅದಕ್ಕೊಂದು ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಟ್ಟರು. ದೂರು ಏನಿತ್ತು, ಮೊದಲು ವೋಲ್ಟೇಜ್ ಎಷ್ಟಿತ್ತು, ಲೋಡ್ ಕೊಟ್ಟ ಮೇಲೆ ಎಷ್ಟು, ಯಾವ ಮೀಟರು, ಅದರ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಅನ್ನೋ ಪರೀಕ್ಷೆ) ಯಾವತ್ತು ಆಗಿದ್ದು, ಇಷ್ಟೂ ಬೇಕಂತೆ. ಸೋಲ್ಡರ್ ಯಾವುದು ಅನ್ನೋದೂ ಬೇಕು. ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಇರುವ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸೀಸವಿಲ್ಲದ್ದು ಸುಮಾರು 217ಕ್ಕೆ. ಎರಡನ್ನೂ ಬೆರೆಸಬಾರದು. ಇಪ್ಪತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷದ ಬರವಣಿಗೆ. ಮೈಯೆಲ್ಲ ಉರಿದುಹೋಯಿತು.

ಊರಲ್ಲಿ ನಾನು ಕೆಲಸ ಕಲಿತಿದ್ದು ಹೀಗಲ್ಲ. ರಿಪೇರಿಗೆ ಬಂದ ಸೆಟ್ ಮೇಲೆ ಟೇಪ್ ಹಚ್ಚಿದ ಚೀಟಿ, ಅದರಲ್ಲಿ 'ಡೆಡ್' ಅನ್ನೋ ಒಂದೇ ಪದ. ಉಳಿದಿದ್ದೆಲ್ಲ ಗುರುಗಳ ತಲೆಯಲ್ಲಿ. ಮುಚ್ಚಳ ತೆಗೆದ ಕೂಡಲೇ ಮೂಸಿ, ಸುಟ್ಟಿದ್ದು ರೆಸಿಸ್ಟರೋ ಟ್ರಾನ್ಸ್‌ಫಾರ್ಮರೋ ಹೇಳುತ್ತಿದ್ದರು. ಆದರೆ ಮುಖ್ಯವಾದ ಜಾಗ ಬಂದಾಗ ಭುಜ ಸ್ವಲ್ಪ ಅಡ್ಡ ತಿರುಗುತ್ತಿತ್ತು. "ಕೇಳಬೇಡ, ನೋಡಿ ಕಲಿ" ಅನ್ನುತ್ತಿದ್ದರು. ನೋಡೋಣ ಅಂದರೆ ಭುಜ ಅಡ್ಡ! ಹಾಕಿದ ಐಸಿಯ (ಚಿಪ್ಪಿನ) ನಂಬರನ್ನು ಉಪ್ಪುಕಾಗದದಿಂದ ಉಜ್ಜಿ ಅಳಿಸಿದ್ದನ್ನೂ ಕಂಡಿದ್ದೇನೆ. ಅದೇ ಸೆಟ್ಟು ವರ್ಷ ಬಿಟ್ಟು ಬಂದರೆ ಅವರೂ ಮೊದಲಿಂದ ಹುಡುಕಬೇಕಾಗುತ್ತಿತ್ತು, ಅದು ಬೇರೆ ಮಾತು. ಅವರು ಕೆಲಸ ಬಿಟ್ಟ ದಿನ ಆ ವಿದ್ಯೆಯೂ ಅವರ ಜೊತೆಗೇ ಎದ್ದು ಹೋಯಿತು. ನಮ್ಮವರ ಮೇಲೆ ಸಿಟ್ಟು ಬರೋದು ಇಲ್ಲೇ.

ಇಲ್ಲಿ ಆದದ್ದು ನೋಡಿ. ಒಂದೇ ಮಾದರಿಯ ಸಪ್ಲೈಗಳು ಆಗಾಗ ಕೆಟ್ಟು ಬರುತ್ತಿದ್ದವು, ಪ್ರತಿ ಸಲ ಬೇರೆಯವರ ಕೈಗೆ. ದಾಖಲೆ ತಿರುವಿದರೆ ಎಲ್ಲದರಲ್ಲೂ ಉಬ್ಬಿದ್ದು ಒಂದೇ ಜಾಗದ ಕೆಪಾಸಿಟರ್ (ವಿದ್ಯುತ್ ಕೂಡಿಟ್ಟು ಕೊಡುವ ಬಿಡಿಭಾಗ), ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕಿಗೆ ಅಂಟಿಕೊಂಡಂತೆ ಕೂತಿದ್ದು. ಹತ್ತು ಡಿಗ್ರಿ ಬಿಸಿ ಜಾಸ್ತಿಯಾದರೆ ಇಂಥ ಕೆಪಾಸಿಟರ್ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗುತ್ತೆ. 85 ಡಿಗ್ರಿವರೆಗೆ ತಾಳುವುದನ್ನು ತೆಗೆದು 105 ಡಿಗ್ರಿವರೆಗೆ ತಾಳುವುದನ್ನು ಹಾಕಿದೆವು. ಇನ್ನೂ ಕೆಡದೇ ಇದ್ದವಕ್ಕೂ ಹಾಕಿದೆವು. ಮೂಗು ಎಷ್ಟೇ ಚುರುಕಾಗಿದ್ದರೂ ಇದನ್ನು ಹೇಳುತ್ತಿರಲಿಲ್ಲ.

ಆದರೂ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಇಲ್ಲಿ ಒಂದು ರೆಸಿಸ್ಟರ್ ಹೋದರೂ ಇಡೀ ಬೋರ್ಡ್ ಬದಲಿಸುತ್ತಾರೆ. ಹೋದ ವಾರ ಹಳೇ ಬೋರ್ಡೊಂದು ಬಂತು. ತಯಾರಿಕೆ ನಿಂತಿದೆ, ಸರ್ಕ್ಯೂಟ್ ಚಿತ್ರವೂ ಇಲ್ಲ. ಬೇರೆ ಬೋರ್ಡ್ ಸಿಗಲ್ಲ ಅಂತ ಗೊತ್ತಾದ ಮೇಲೆ ಎಲ್ಲರೂ ಕೈಕಟ್ಟಿ ನಿಂತರು. ನಾನು ಬಗ್ಗಿ ಮೂಸಿದೆ. ಮೂಲೆಯಲ್ಲಿ ಮೀನು ಕೆಟ್ಟಂಥ ವಾಸನೆ, ಸೋರಿದ ಕೆಪಾಸಿಟರಿನದು. ಅಡಿಯಲ್ಲಿ ತಾಮ್ರದ ಗೆರೆ ತಿಂದುಹೋಗಿತ್ತು. ತೊಳೆದು, ತಂತಿ ಹಾಕಿ, ಹೊಸ ಕೆಪಾಸಿಟರ್ ಕೂರಿಸಿದೆ. ಸಂಜೆ ಹೊತ್ತಿಗೆ ಓಡಿತು.

ಆಮೇಲೆ ಬರೆಯಲು ಕೂತೆ. 'ದೋಷ ಕಂಡುಹಿಡಿಯಲು ಬಳಸಿದ ಉಪಕರಣ' ಅನ್ನೋ ಕಡೆ 'ಮೂಗು' ಎಂದು ಬರೆದೆ. ಮರುದಿನ ಹಾಳೆ ವಾಪಸ್ ಬಂತು. ಪಕ್ಕದಲ್ಲಿ ಸೀನಿಯರ್ ಅಕ್ಷರ: ಕ್ಯಾಲಿಬ್ರೇಷನ್ ದಿನಾಂಕ?