ವೋಲ್ಡೆಮಾರ್ಟ್ ಬೂದಿಯಾಗಬಾರದಿತ್ತು

ಹ್ಯಾರಿ ಪಾಟರ್ ಸರಣಿಯ ಕೊನೆಯ ಸಿನೆಮಾದಲ್ಲಿ ಖಳನಾಯಕ ವೋಲ್ಡೆಮಾರ್ಟ್ ಸಾಯುವ ರೀತಿ ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. 2011ರ ಸಿನೆಮಾ ಅದು, ಈಗ ಎಂತಕ್ಕೆ ಆ ಮಾತು ಅಂತ ಕೇಳಬೇಡಿ. ಮೊನ್ನೆ ಮಣಿಪಾಲದಲ್ಲಿ ಸಿನೆಮಾ ಮುಗಿಸಿ ಚಾ ಕುಡಿಯುವಾಗ ನಮ್ಮ ಗುಂಪಿನಲ್ಲಿ ಮತ್ತೆ ಅದೇ ಚರ್ಚೆ ಎದ್ದಿತು. "ಪುಸ್ತಕ ಪುಸ್ತಕದ ಪಾಡಿಗೆ ಇರಲಿ, ಸಿನೆಮಾ ಸಿನೆಮಾದ ಪಾಡಿಗೆ ಇರಲಿ ಮಾರಾಯ, ನೀನು ಪ್ರತಿ ಸಲ ಎರಡನ್ನೂ ತಂದು ಯಾಕೆ ತೂಗುವುದು?" ಅಂತ ಸ್ನೇಹಿತನೊಬ್ಬ ಕೇಳಿದ. ಒಂದು ಚಾ ಮುಗಿಯುವಷ್ಟರಲ್ಲಿ ಹೇಳುವ ಉತ್ತರ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಿನೆಮಾದಲ್ಲಿ ಕೊನೆಯ ಹೊಡೆದಾಟ ನಡೆಯುವುದು ಮಂತ್ರವಿದ್ಯೆ ಕಲಿಸುವ ಶಾಲೆಯ ಕೋಟೆಯ ಅಂಗಳದಲ್ಲಿ. ಹ್ಯಾರಿ ಮತ್ತು ವೋಲ್ಡೆಮಾರ್ಟ್ ಇಬ್ಬರೇ. ಮಂತ್ರ ತಾಗಿದ ಮೇಲೆ ವೋಲ್ಡೆಮಾರ್ಟ್‌ನ ಮೈ ಚೂರು ಚೂರಾಗಿ, ಬೂದಿಯ ಹಾಗೆ ಗಾಳಿಯಲ್ಲಿ ತೇಲಿಹೋಗುತ್ತದೆ. ನೋಡಲು ಚಂದ ಉಂಟು. ಆದರೆ ಪುಸ್ತಕದಲ್ಲಿ ಇದೆಲ್ಲ ನಡೆಯುವುದು ಮಕ್ಕಳು ದಿನಾ ಊಟ ಮಾಡುವ ದೊಡ್ಡ ಹಾಲಿನಲ್ಲಿ, ಬೆಳಗಿನ ಜಾವ, ಎಲ್ಲರ ಕಣ್ಣೆದುರು. ಸುತ್ತ ವಿದ್ಯಾರ್ಥಿಗಳು, ಮೇಷ್ಟ್ರುಗಳು, ತಂದೆ ತಾಯಿಯರು ನಿಂತಿದ್ದಾರೆ. ಅವನು ಬೀಳುತ್ತಾನೆ. ಎಲ್ಲ ಮನುಷ್ಯರೂ ಬೀಳುವ ಹಾಗೆ ಹಿಂದಕ್ಕೆ ಬೀಳುತ್ತಾನೆ. ಹೆಣ ಅಲ್ಲೇ ಉಳಿಯುತ್ತದೆ. ಆಮೇಲೆ ಯಾರೋ ಅದನ್ನು ಎತ್ತಿ, ಯುದ್ಧದಲ್ಲಿ ಸತ್ತ ತಮ್ಮವರ ಶವಗಳಿಂದ ದೂರ, ಪಕ್ಕದ ಒಂದು ಕೋಣೆಯಲ್ಲಿ ಇಡುತ್ತಾರೆ.

ಏಳು ಪುಸ್ತಕದ ಉದ್ದಕ್ಕೂ ಜನ ಅವನ ಹೆಸರು ಹೇಳಲೂ ಹೆದರುತ್ತಿದ್ದರು. ಸಾವು ತನ್ನ ಹತ್ತಿರ ಬರಬಾರದು ಅಂತ ಆತ್ಮವನ್ನೇ ತುಂಡು ಮಾಡಿ ಅಲ್ಲಲ್ಲಿ ಅಡಗಿಸಿಟ್ಟವನು ಅವನು. ಅಂಥವನು ಕೊನೆಗೆ ಎಲ್ಲರ ಹಾಗೆ ಒಂದು ಹೆಣವಾಗಿ ಬಿದ್ದಿರಬೇಕು. ಇಡೀ ಕಥೆ ನಡೆದು ಬಂದದ್ದೇ ಅಲ್ಲಿಗೆ. ಸಿನೆಮಾದವರು ಅವನಿಗೆ ವಿಶೇಷ ಸಾವು ಕೊಟ್ಟುಬಿಟ್ಟರು. ಅವನು ಬದುಕಿಡೀ ಬಯಸಿದ್ದೂ ಅದನ್ನೇ ಅಲ್ವಾ, ತಾನು ಉಳಿದವರ ಹಾಗೆ ಅಲ್ಲ ಅಂತ?

ದಂಡದ ಕಥೆಯೂ ಹಾಗೇ. ಲೋಕದಲ್ಲೇ ಅತಿ ಬಲವಾದ ಮಂತ್ರದಂಡ ಹ್ಯಾರಿಯ ಕೈಗೆ ಬರುತ್ತದೆ. ಸಿನೆಮಾದಲ್ಲಿ ಅವನು ಅದನ್ನು ಪಟಕ್ಕನೆ ಮುರಿದು ಸೇತುವೆಯಿಂದ ಕೆಳಗೆ ಎಸೆಯುತ್ತಾನೆ. ಪುಸ್ತಕದಲ್ಲಿ ಎಸೆಯುವುದಿಲ್ಲ. ಮೊದಲೇ ಮುರಿದುಹೋಗಿದ್ದ ತನ್ನ ಹಳೇ ದಂಡವನ್ನು ಅದರಿಂದ ರಿಪೇರಿ ಮಾಡಿಕೊಳ್ಳುತ್ತಾನೆ. ಹನ್ನೊಂದನೇ ವಯಸ್ಸಿನಲ್ಲಿ ಅಂಗಡಿಯಿಂದ ತಂದ ದಂಡ ಅದು. ಅಷ್ಟು ಮಾಡಿ, ಬಲವಾದದ್ದನ್ನು ತೆಗೆದುಕೊಂಡ ಜಾಗಕ್ಕೇ ವಾಪಸ್ ಇಡಲು ಹೊರಡುತ್ತಾನೆ. ಅಷ್ಟೆಲ್ಲ ಆದ ಮೇಲೆ ಅವನಿಗೆ ಬೇಕಾದದ್ದು ಮಲಗಲು ಒಂದು ಹಾಸಿಗೆ, ಯಾರಾದರೂ ತಂದುಕೊಟ್ಟರೆ ಒಂದು ಸ್ಯಾಂಡ್‌ವಿಚ್. ಯುದ್ಧದ ಅಧ್ಯಾಯ ಹೆಚ್ಚುಕಡಿಮೆ ಆ ಸ್ಯಾಂಡ್‌ವಿಚ್‌ನ ಯೋಚನೆಯಲ್ಲೇ ಮುಗಿಯುತ್ತದೆ. ಸಿನೆಮಾದಲ್ಲಿ ಅದೂ ಇಲ್ಲ.

ಫ್ಯಾಂಟಸಿ, ಸೂಪರ್‌ಹೀರೋ ಕಥೆಗಳಲ್ಲಿ ನಾನು ಹುಡುಕುವುದು ಇದನ್ನೇ. ಹಾರುವುದು, ಸುಡುವುದು, ಬೆಟ್ಟ ಎತ್ತುವುದು ಎಲ್ಲ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಹಸಿವು, ಬಾಡಿಗೆ, ಅಮ್ಮನ ಔಷಧಿ, ಹಾಳಾದ ಚಪ್ಪಲಿ ಇವೂ ಅದರ ಪಕ್ಕದಲ್ಲೇ ಇರಬೇಕು. ಮೂಲ ಕಥೆಗಳಲ್ಲಿ ಇವು ಧಾರಾಳ ಇರುತ್ತವೆ. ಸಿನೆಮಾ ಆಗುವಾಗ ಮೊದಲು ಕತ್ತರಿ ಬೀಳುವುದು ಇವಕ್ಕೇ.

ಸ್ಪೈಡರ್ ಮ್ಯಾನ್ ತೆಗೆದುಕೊಳ್ಳಿ. 1962ರಲ್ಲಿ ಲೇಖಕ ಸ್ಟಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ ಅವನನ್ನು ಹುಟ್ಟಿಸಿದರು. ಅವನ ಕಾಮಿಕ್ಸಿನ 1966ರ 33ನೇ ಸಂಚಿಕೆ ಸಿಕ್ಕಿದರೆ ದಯವಿಟ್ಟು ಓದಿ. ನೀರಿನ ಅಡಿಯ ಒಂದು ಅಡಗುತಾಣದಲ್ಲಿ ಪೀಟರ್ (ಸ್ಪೈಡರ್ ಮ್ಯಾನ್‌ನ ನಿಜವಾದ ಹೆಸರು) ಮೇಲೆ ರಾಶಿ ಯಂತ್ರ ಕುಸಿದು ಬಿದ್ದಿದೆ. ಮೇಲಿನಿಂದ ನೀರು ಸೋರುತ್ತಿದೆ. ಆಸ್ಪತ್ರೆಯಲ್ಲಿ ಅವನನ್ನು ಸಾಕಿದ ಮೇ ಆಂಟಿ ಸಾಯುವ ಸ್ಥಿತಿಯಲ್ಲಿದ್ದಾಳೆ. ಅವಳನ್ನು ಉಳಿಸುವ ಔಷಧಿಯ ಡಬ್ಬಿ ಅವನ ಕಣ್ಣೆದುರೇ ನೆಲದ ಮೇಲೆ ಬಿದ್ದಿದೆ, ಕೈಗೆ ಎಟಕುವುದಿಲ್ಲ. ಡಿಟ್ಕೊ ಈ ಒಂದು ಪ್ರಸಂಗಕ್ಕೆ ಪುಟದ ಮೇಲೆ ಪುಟ ಕೊಟ್ಟಿದ್ದಾನೆ. ಮೊದಲು ಸಣ್ಣ ಸಣ್ಣ ಚೌಕ. ಪೀಟರ್ ಒಂದೊಂದು ಇಂಚು ಏಳುವಾಗ ಚೌಕಗಳೂ ದೊಡ್ಡದಾಗುತ್ತಾ ಹೋಗುತ್ತವೆ. ಕೊನೆಗೆ ಅವನು ಯಂತ್ರವನ್ನು ಎತ್ತಿ ಎಸೆಯುವ ಚಿತ್ರಕ್ಕೆ ಇಡೀ ಪುಟ. ಓದುವವನಿಗೂ ಅಲ್ಲಿಯವರೆಗೆ ಉಸಿರು ಕಟ್ಟಿರುತ್ತದೆ.

2017ರ ಸಿನೆಮಾದಲ್ಲಿ ಇದೇ ದೃಶ್ಯ ಬಂತು. ಹುಡುಗ ಕಾಂಕ್ರೀಟ್ ಅಡಿ ಸಿಕ್ಕಿಕೊಂಡು ಸಹಾಯಕ್ಕೆ ಕೂಗುತ್ತಾನೆ, ಆಮೇಲೆ ತನಗೆ ತಾನೇ ಧೈರ್ಯ ಹೇಳಿಕೊಂಡು ಏಳುತ್ತಾನೆ. ನಟನೆ ಒಳ್ಳೆಯದೇ. ಆದರೆ ಔಷಧಿಯ ಡಬ್ಬಿ ಇಲ್ಲ. ಕಾಮಿಕ್ಸಿನಲ್ಲಿ ಅವನು ಏಳುವುದು ಆಸ್ಪತ್ರೆಯಲ್ಲಿರುವ ಮುದುಕಿಗಾಗಿ. ಸಿನೆಮಾದಲ್ಲಿ ತಾನು ಸ್ಪೈಡರ್ ಮ್ಯಾನ್ ಹೌದು ಅಂತ ತನಗೇ ತೋರಿಸಿಕೊಳ್ಳಲು. ಭಾರ ಅಷ್ಟೇ, ಎತ್ತುವ ಕಾರಣ ಸಣ್ಣದಾಯಿತು.

ಹಾಗಂತ ಎಲ್ಲ ಸಿನೆಮಾ ಹೀಗೆ ಅಲ್ಲ. ಸ್ಯಾಮ್ ರೈಮಿಯ 2004ರ ಸ್ಪೈಡರ್ ಮ್ಯಾನ್ 2 ನನ್ನ ಪಾಲಿಗೆ ಈ ಜಾತಿಯ ಸಿನೆಮಾಗಳಲ್ಲಿ ಎಲ್ಲಕ್ಕಿಂತ ಮೇಲೆ. ಪಿಜ್ಜಾ ಹೊತ್ತಿಗೆ ತಲುಪಿಸಲಾಗದೆ ಕೆಲಸ ಹೋಗುತ್ತದೆ. ಬಾಡಿಗೆ ಬಾಕಿ. ಬಟ್ಟೆ ಒಗೆಯಲು ಹಾಕಿದರೆ ಸ್ಪೈಡರ್ ಮ್ಯಾನ್ ಡ್ರೆಸ್ಸಿನ ಬಣ್ಣ ಬಿಟ್ಟು ಉಳಿದ ಬಿಳಿ ಬಟ್ಟೆಗೆಲ್ಲ ಹತ್ತುತ್ತದೆ. ಡ್ರೆಸ್ಸನ್ನು ಕಸದ ತೊಟ್ಟಿಗೆ ಹಾಕಿ ಅವನು ನಡೆದುಹೋಗುವ ದೃಶ್ಯ 1967ರ 50ನೇ ಸಂಚಿಕೆಯ ಚಿತ್ರದಿಂದ ನೇರ ಬಂದದ್ದು. ಇದೇ ರೈಮಿ ಕಾಮಿಕ್ಸಿನ ಒಂದು ದೊಡ್ಡ ಸಂಗತಿಯನ್ನು ಬದಲಾಯಿಸಿದ್ದರು. ಮೂಲದಲ್ಲಿ ಹುಡುಗ ಬಲೆ ಹಾರಿಸುವ ಯಂತ್ರವನ್ನು ತಾನೇ ಮಾಡಿಕೊಳ್ಳುತ್ತಾನೆ, ಇಲ್ಲಿ ಬಲೆ ಅವನ ಕೈಯಿಂದಲೇ ಬರುತ್ತದೆ. ಅದಕ್ಕೆ ನನ್ನ ತಕರಾರು ಏನೂ ಇಲ್ಲ. ಬಡ ಹುಡುಗನ ಪರದಾಟವನ್ನು ಬಿಡಲಿಲ್ಲ, ಅಷ್ಟು ಸಾಕು.

1978ರ ಸೂಪರ್‌ಮ್ಯಾನ್ ಬಗ್ಗೆ ಒಂದೇ ಮಾತು. ನಾಯಕಿ ಲೋಯಿಸ್ ಮನೆಯಲ್ಲಿ ಸೂಪರ್‌ಮ್ಯಾನ್ ಪಾತ್ರದ ಕ್ರಿಸ್ಟೋಫರ್ ರೀವ್ ಒಮ್ಮೆ ಕನ್ನಡಕ ತೆಗೆದು ನೆಟ್ಟಗೆ ನಿಲ್ಲುತ್ತಾರೆ. ಭುಜ ಅಗಲವಾಗುತ್ತದೆ, ಸ್ವರ ಗಟ್ಟಿಯಾಗುತ್ತದೆ. ಸತ್ಯ ಹೇಳಿಬಿಡುವ ಅಂತ ಹೊರಟವರು ಮರುಕ್ಷಣ ಮನಸ್ಸು ಬದಲಾಯಿಸಿ ಕನ್ನಡಕ ಹಾಕಿಕೊಂಡು ಕುಗ್ಗಿ ಮತ್ತೆ ಕ್ಲಾರ್ಕ್ ಎಂಬ ಸಾಮಾನ್ಯ ಮನುಷ್ಯ ಆಗುತ್ತಾರೆ. ಡ್ರೆಸ್ ಇಲ್ಲ, ಗ್ರಾಫಿಕ್ಸ್ ಇಲ್ಲ. ಕೋಟ್ಯಂತರ ಖರ್ಚು ಮಾಡಿ ಊರುಗಳನ್ನು ಪುಡಿ ಮಾಡುವ ಕ್ಲೈಮ್ಯಾಕ್ಸ್‌ಗಳು ನನಗೆ ಮರುದಿನವೇ ಮರೆತುಹೋಗುತ್ತವೆ, ಇದು ಹೋಗುವುದಿಲ್ಲ.

ಲಾರ್ಡ್ ಆಫ್ ದ ರಿಂಗ್ಸ್ ಬರೆದ ಟೋಲ್ಕಿನ್ ವಿಷಯದಲ್ಲಿ ನನಗೆ ಎರಡು ಮನಸ್ಸು. ಆ ಕಥೆಯ ಮೇಲೆ ಪೀಟರ್ ಜಾಕ್ಸನ್ ಮಾಡಿದ ಮೂರು ಸಿನೆಮಾಗಳನ್ನು ನಾನು ತುಂಬಾ ಪ್ರೀತಿಸುತ್ತೇನೆ. ಮೂರನೆಯದಕ್ಕೆ ಬಂದ 11 ಆಸ್ಕರ್ ನ್ಯಾಯವಾಗಿ ಬಂದದ್ದೇ. ಆದರೆ ಪುಸ್ತಕದಲ್ಲಿ ಉಂಗುರ ನಾಶವಾದ ಮೇಲೂ ಕಥೆ ಮುಗಿಯುವುದಿಲ್ಲ. ಕಥೆಯ ನಾಯಕರಾದ ನಾಲ್ಕು ಹಾಬಿಟ್‌ಗಳು (ಕುಳ್ಳ ಜನ) ಊರಿಗೆ ವಾಪಸ್ ಬಂದರೆ ಅಲ್ಲಿ ಮರಗಳನ್ನು ಕಡಿದಿದ್ದಾರೆ, ಹೊಳೆಯ ನೀರು ಹಾಳಾಗಿದೆ, ಪುಂಡರು ಬಂದು ಕೂತಿದ್ದಾರೆ. ದೊಡ್ಡ ಯುದ್ಧ ಗೆದ್ದವರು ಈಗ ತಮ್ಮದೇ ಊರಿಗಾಗಿ ಹೋರಾಡಬೇಕು. ಆಮೇಲೆ ಅವರಲ್ಲೊಬ್ಬನಾದ ಸ್ಯಾಮ್ ತನಗೆ ಉಡುಗೊರೆಯಾಗಿ ಸಿಕ್ಕಿದ್ದ ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಊರಿಡೀ ಹಾಕಿ ಗಿಡ ನೆಡುತ್ತಾನೆ. ಸಿನೆಮಾದಲ್ಲಿ ಊರು ಇದ್ದ ಹಾಗೇ ಉಂಟು. ನಾಲ್ವರೂ ಹಳೇ ಪಬ್ಬಿನಲ್ಲಿ ಸುಮ್ನೆ ಕೂತಿರುತ್ತಾರೆ, ಯಾರಿಗೂ ಇವರ ಕಥೆ ಗೊತ್ತಿಲ್ಲ. ಆ ದೃಶ್ಯಕ್ಕೂ ಅದರದೇ ಬೆಲೆ ಉಂಟು. ಆದರೂ ರಸ್ತೆ ಅಗಲ ಮಾಡುವಾಗ ಸಾಲು ಮರ ಬೀಳುವುದನ್ನು ಕಂಡ ನಮಗೆ, ಆ ಚಿಟಿಕೆ ಮಣ್ಣಿನ ಅಧ್ಯಾಯ ಬೇಕಿತ್ತು. ನನಗಂತೂ ಬೇಕಿತ್ತು.

ಮೂಲದಲ್ಲಿದ್ದದ್ದು ಅಕ್ಷರ ಅಕ್ಷರ ಬರಬೇಕು ಅಂತ ನಾನು ಹಟ ಮಾಡುವವನಲ್ಲ. ಯಕ್ಷಗಾನ ನೋಡಿ ಬೆಳೆದವರು ಹಾಗೆ ಹೇಳಲು ಸಾಧ್ಯವೇ ಇಲ್ಲ. ಪ್ರಸಂಗದಲ್ಲಿ ಇರುವುದು ಪದ್ಯ ಮಾತ್ರ, ಅರ್ಥ ಅಂದರೆ ಮಾತು ಕಲಾವಿದನದ್ದು. ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿದ್ದೇ ನಾವು ಆಟಕ್ಕೆ ಹೋಗುವುದು. ಇವತ್ತಿನ ಅಭಿಮನ್ಯು ಹೇಗೆ ಮಾಡಿದ, ಭಾಗವತರು ಯಾವ ಪದ್ಯ ಹಿಡಿದು ಎಳೆದರು, ಯಾವುದನ್ನು ಬಿಟ್ಟರು ಅಂತ ದಾರಿಯುದ್ದಕ್ಕೂ ಮಾತಾಡುತ್ತಾ ಮನೆಗೆ ಬರುತ್ತೇವೆ. ಮೂಲವನ್ನೂ ಪ್ರದರ್ಶನವನ್ನೂ ಒಟ್ಟಿಗೆ ತೂಗುವ ಅಭ್ಯಾಸ ನನಗೆ ಅಲ್ಲಿಂದಲೇ ಬಂತು.

ದೇವಿ ಮಹಾತ್ಮೆಯ ಮಹಿಷಾಸುರ ಬರುವ ಹೊತ್ತು ನೆನಪು ಮಾಡಿಕೊಳ್ಳಿ. ಕುರ್ಚಿಯಲ್ಲೇ ತೂಕಡಿಸುತ್ತಿದ್ದವರೂ ಎಚ್ಚರವಾಗಿ ಹಿಂದಕ್ಕೆ ತಿರುಗುತ್ತಾರೆ. ಅವನು ಬರುವುದು ರಂಗಸ್ಥಳದ ಹಿಂದಿನಿಂದ ಅಲ್ಲ, ಜನರ ನಡುವಿನಿಂದ. ಎರಡೂ ಕಡೆ ದೊಂದಿ. ರಾಳ ಎರಚಿದಾಗ ಬೆಂಕಿ ಭಗ್ಗನೆ ಏಳುತ್ತದೆ, ಆ ಬೆಳಕಲ್ಲಿ ಕೋಣನ ಕೊಂಬು, ಮುಖದ ಮೇಲಿನ ಬಿಳಿ ಚುಟ್ಟಿ ಕಾಣುತ್ತದೆ. ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಯಾವ ಸೂಪರ್‌ಹೀರೋ ಸಿನೆಮಾದ ಎಂಟ್ರಿಯೂ ನನ್ನನ್ನು ಹಾಗೆ ನಡುಗಿಸಿಲ್ಲ. ಆದರೆ ಅದೇ ಆಟದಲ್ಲಿ ಮಾಲಿನಿಯ ದೂತನೂ ಇದ್ದಾನೆ. ಹಾಸ್ಯಗಾರ ಬಂದು, ಅಸುರರ ಮನೆಯ ಚಾಕರಿ ಎಷ್ಟು ಕಷ್ಟ ಅಂತ ನಮ್ಮನ್ನು ನಗಿಸುತ್ತಾನೆ. ಅಷ್ಟು ದೊಡ್ಡ ದೇವಿಯ ಕಥೆಯಲ್ಲಿ ಒಬ್ಬ ಕೂಲಿಯವನಿಗೂ ಜಾಗ ಇಟ್ಟಿದ್ದಾರೆ ನಮ್ಮ ಹಿರಿಯರು. ಕಾಲಮಿತಿ ಆಟ ಬಂದ ಮೇಲೆ ಸಮಯ ಸಾಲದೆ ಇಂಥ ಭಾಗಗಳು ಚಿಕ್ಕದಾಗುವುದನ್ನು ನೋಡಿದಾಗ ನನಗೆ ಆಗುವ ಬೇಸರವೂ ಪೀಟರ್‌ನ ಔಷಧಿ ಡಬ್ಬಿಯ ಬೇಸರವೂ ಒಂದೇ.

ನಮ್ಮ ಪಕ್ಕದ ಮಲಯಾಳಂನವರು ಇದನ್ನು ಚೆನ್ನಾಗಿ ಹಿಡಿದಿದ್ದಾರೆ. 2021ರ ಮಿನ್ನಲ್ ಮುರಳಿಗೆ ಕಾಮಿಕ್ಸ್ ಮೂಲ ಇಲ್ಲ, ಬರೆದದ್ದೇ ಸಿನೆಮಾಕ್ಕಾಗಿ. ಸಿಡಿಲು ಬಡಿದು ಶಕ್ತಿ ಬರುವುದು ಒಬ್ಬ ಟೈಲರ್‌ಗೆ, ಇನ್ನೊಬ್ಬ ಚಾ ಅಂಗಡಿಯಲ್ಲಿ ದುಡಿಯುವವನಿಗೆ. ಆ ಚಾ ಅಂಗಡಿಯವನು ವರ್ಷಗಟ್ಟಲೆ ಒಬ್ಬಳಿಗಾಗಿ ಕಾದವನು. ಗುರು ಸೋಮಸುಂದರಂ ಆ ಪಾತ್ರ ಮಾಡಿದ ರೀತಿಗೆ, ಖಳ ಅಂತ ಬೈಯಲು ಬಾಯಿ ಬರುವುದಿಲ್ಲ. 2025ರ ಲೋಕಃ ಸಿನೆಮಾಕ್ಕೆ ಮೂಲ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಜನಪದ ಕಥೆ. ಆ ನೀಲಿಯನ್ನು ತಂದು ಬೆಂಗಳೂರಿನ ಕೆಫೆಯೊಂದರಲ್ಲಿ ರಾತ್ರಿ ಪಾಳಿ ಮಾಡಿಸಿದರು. ಎಂಥ ಒಳ್ಳೇ ಯೋಚನೆ! ರಾತ್ರಿ ಮಾತ್ರ ತಿರುಗುವವಳಿಗೆ ಬೆಂಗಳೂರಲ್ಲಿ ಕೆಲಸಕ್ಕೇನು ಬರ?

"ಹಾಗಾದರೆ ನಮ್ಮ ದೈವಗಳದ್ದೂ ಒಂದು ಸೂಪರ್‌ಹೀರೋ ಸರಣಿ ಮಾಡಬಹುದಲ್ಲ?" ಅಂತ ಕಾಂತಾರ ಬಂದ ಮೇಲೆ ತುಂಬಾ ಜನ ಕೇಳುತ್ತಾರೆ. ನನಗೆ ಇಷ್ಟವಿಲ್ಲ. ನಾವು ಕೈ ಮುಗಿಯುವ ಪಂಜುರ್ಲಿ, ಗುಳಿಗನನ್ನು ಶಕ್ತಿಯ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸುವುದು ಬೇಡ. ಇನ್ನೊಂದು ಕಾರಣವೂ ಉಂಟು. ದೈವಗಳ ಕಥೆ ಹೇಳುವ ಪಾಡ್ದನದ ಹಾಡು ಒಂದೂರಿನಲ್ಲಿ ಇದ್ದ ಹಾಗೆ ಇನ್ನೊಂದೂರಿನಲ್ಲಿ ಇರುವುದಿಲ್ಲ. ಹೇಳುವವರು ಬದಲಾದ ಹಾಗೆ ಕಥೆಯೂ ಬದಲಾಗುತ್ತದೆ, ಎಲ್ಲವೂ ಸರಿಯೇ. ದೊಡ್ಡ ಸಿನೆಮಾ ಬಂದರೆ ಮುಂದಿನ ಮಕ್ಕಳಿಗೆ ಅದೊಂದೇ ಕಥೆ ಉಳಿಯುತ್ತದೆ. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಕಥೆಯ ಆರಂಭದಲ್ಲಿ ಬಲ್ಲಾಳನ ಕಾಲಿಗೆ ಒಂದು ಮುಳ್ಳು ಚುಚ್ಚುತ್ತದೆ. ಅದಕ್ಕೆ ಮದ್ದು ಮಾಡುವವಳು ಅವರ ತಾಯಿ, ತುಂಬು ಗರ್ಭಿಣಿ ದೇಯಿ ಬೈದೆತಿ. ಅಷ್ಟು ದೊಡ್ಡ ವೀರರ ಕಥೆ ಒಂದು ಮುಳ್ಳಿನಿಂದ, ಒಬ್ಬ ಹೆಂಗಸಿನ ಮದ್ದಿನಿಂದ ಶುರುವಾಗುತ್ತದೆ. ಸಿನೆಮಾದವರ ಕೈಗೆ ಸಿಕ್ಕಿದರೆ ಮೊದಲ ದೃಶ್ಯವೇ ಕತ್ತಿ ವರಸೆ ಆಗುತ್ತದೋ ಅಂತ ನನಗೆ ಭಯ.

ಓದಿನ ವಿಷಯಕ್ಕೆ ಬಂದರೆ, ಇಂಥ ಕಥೆಗಳ ರುಚಿ ನಮಗೆ ಹತ್ತಿದ್ದು ಇಂಗ್ಲಿಷ್ ಕಾಮಿಕ್ಸಿನಿಂದ ಅಲ್ಲ. ಬಾಲಮಂಗಳದ ಡಿಂಗ ಎಂಬ ಇಲಿಯಿಂದ. ಅಮರ ಚಿತ್ರ ಕಥೆಯಿಂದ. ಅದನ್ನು 1967ರಲ್ಲಿ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅದಕ್ಕೂ ಮೊದಲು ಅವರು ಇಂದ್ರಜಾಲ ಕಾಮಿಕ್ಸಿನಲ್ಲಿ ಇದ್ದರು, ಫ್ಯಾಂಟಮ್ ಎಂಬ ಮುಖವಾಡದ ವೀರನ ಕಥೆಗಳನ್ನು ಮನೆಮನೆಗೆ ಮುಟ್ಟಿಸಿದ ಸರಣಿ ಅದು. ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕಗಳು ಹೊರದೇಶದ ಮಕ್ಕಳ ಕಥೆಗಳು, ಹನ್ನೊಂದನೆಯದು ಕೃಷ್ಣ. ಫ್ಯಾಂಟಮ್‌ನಿಂದ ಕೃಷ್ಣನ ತನಕ ಒಬ್ಬರೇ ಮನುಷ್ಯ ನಡೆದು ಬಂದದ್ದು ನನಗೆ ತುಂಬಾ ಹೆಮ್ಮೆಯ ಸಂಗತಿ. ಈ ಬಗ್ಗೆ ನಮ್ಮ ಜಿಲ್ಲೆಯಲ್ಲೇ ಮಾತು ಕಡಿಮೆ.

ಒಂದು ಕೋರಿಕೆ ಉಂಟು. ಕನ್ನಡದಲ್ಲಿ ಬಂದ ಇಂದ್ರಜಾಲ ಕಾಮಿಕ್ಸ್ ಅಥವಾ ಹಳೇ ಬಾಲಮಂಗಳ ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನನಗೆ ಮೆಸೇಜ್ ಮಾಡಿ. ಉಡುಪಿ, ಕಾರ್ಕಳ, ಕುಂದಾಪುರ, ಮಂಗಳೂರು ಎಲ್ಲಿದ್ದರೂ ನಾನೇ ಬರುತ್ತೇನೆ. ಕೊಡಲು ಮನಸ್ಸಿಲ್ಲದಿದ್ದರೆ ನಿಮ್ಮ ಚಾವಡಿಯಲ್ಲೇ ಕೂತು ಓದಿ, ಅಲ್ಲೇ ಇಟ್ಟು ಹೋಗುತ್ತೇನೆ.