ಸ್ಪಷ್ಟನೆ: ‘ಇಂಟರೆಸ್ಟ್’ ಪಕ್ಕ ಎಲ್ಲ ಕಡೆ ‘ಟೇಕ್’ ಕೂರುವುದಿಲ್ಲ

‘ಇಂಟರೆಸ್ಟ್‌ಗೆ ಬಡ್ಡಿ, ಆಸಕ್ತಿ ಯಾವ ಅರ್ಥವಿದ್ದರೂ ಇಂಗ್ಲಿಷಿನಲ್ಲಿ ಟೇಕ್, ಗಿವ್ ಕ್ರಿಯಾಪದಗಳೇ ಸಾಕು’ ಎಂಬ ಸಂದೇಶ ಮುಂಬೈ, ಡೊಂಬಿವಲಿಯ ಕನ್ನಡ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಸಾಲಕ್ಕೆ ಬ್ಯಾಂಕ್ ಬಡ್ಡಿ ಹಾಕಿದರೆ ‘ಚಾರ್ಜ್’, ನಾವು ಕಟ್ಟಿದರೆ ‘ಪೇ’, ಠೇವಣಿಯಿಂದ ನಮಗೆ ಬಂದರೆ ‘ಅರ್ನ್’. ಠೇವಣಿಗೆ ಬ್ಯಾಂಕ್ ಕೊಡುವುದೂ ‘ಪೇ’ಯೇ, ‘ಗಿವ್’ ಅಲ್ಲ. ನಾವು ‘ಬಡ್ಡಿ ಕೊಡುತ್ತೆ’ ಎನ್ನುತ್ತೇವೆ, ಸುತ್ತಲಿನ ಮರಾಠಿಯಲ್ಲೂ ‘ವ್ಯಾಜ ದೇತೆ’. ತಪ್ಪು ನುಸುಳುವುದು ಅಲ್ಲಿಂದಲೇ. ‘ಬ್ಯಾಂಕ್ ಟೇಕ್ಸ್ ಇಂಟರೆಸ್ಟ್’ ಎಂದರೆ ಬ್ಯಾಂಕಿಗೆ ಆಸಕ್ತಿ ಬಂದಂತೆ ಕೇಳಿಸುತ್ತದೆ.

ಆಸಕ್ತಿಗೆ ‘ಟೇಕ್ ಆ್ಯನ್’, ‘ಶೋ’, ‘ಲೂಸ್’ ಸರಿ. ಹೆಚ್ಚು ಆಸಕ್ತಿ ‘ಕೀನ್’. ‘ಹೈ’ ಎಂದರೆ ಮೊದಲು ಬಡ್ಡಿದರವೇ ನೆನಪಾಗುತ್ತದೆ. ಬಡ್ಡಿಯ ಅರ್ಥದಲ್ಲಿ ‘ಇಂಟರೆಸ್ಟ್’ ಆದಮೇಲೆ ‘ಆನ್’, ಆಸಕ್ತಿಯ ಅರ್ಥದಲ್ಲಿ ‘ಇನ್’. ಬಡ್ಡಿಗೆ ಬಹುವಚನವಿಲ್ಲ, ‘ಇಂಟರೆಸ್ಟ್ಸ್’ ಎಂದರೆ ಹವ್ಯಾಸ ಅಥವಾ ಹಿತಾಸಕ್ತಿ.

ಸಂದೇಶ ಪೂರಾ ಮರೆತದ್ದು ಮೂರನೆಯ ಅರ್ಥ, ಪಾಲು ಅಥವಾ ಹಿತಾಸಕ್ತಿ. ಹೌಸಿಂಗ್ ಸೊಸೈಟಿಯ ಪೇಂಟಿಂಗ್ ಗುತ್ತಿಗೆ ಸಮಿತಿ ಸದಸ್ಯರ ತಮ್ಮನಿಗೇ ಹೋಗುವಂತಿದ್ದರೆ, ಚರ್ಚೆಗೆ ಮೊದಲೇ ಅದನ್ನು ತಿಳಿಸುವುದು ‘ಡಿಕ್ಲೇರ್ ಆ್ಯನ್ ಇಂಟರೆಸ್ಟ್’. ಇಲ್ಲಿ ‘ಶೋ’ ಬರೆದರೆ, ಗುತ್ತಿಗೆ ತಮಗೇ ಬೇಕು ಎಂದು ಹೇಳಿದಂತಾಗುತ್ತದೆ.