23 ಕೆಜಿ, 13 ಜಾತಿ ಹಾವು

ಮಾವನವರು ನಾಳೆ ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್‌ನಿಂದ ಊರಿಗೆ ಹೊರಟಿದ್ದಾರೆ. ನನ್ನ ಸೊಂಟ ಮಾತ್ರ ಇನ್ನೂ ನೆಟ್ಟಗಾಗಿಲ್ಲ.

ವಿಮಾನಕ್ಕೆ ಹಾಕೋ ಸೂಟ್‌ಕೇಸ್ 23 ಕೆಜಿ ದಾಟಬಾರದು. ಕೊಕ್ಕೆ ಹಾಕಿ ತೂಗುವ ಪುಟ್ಟ ತಕ್ಕಡಿ ಮನೇಲಿದೆ. ಅದನ್ನು ಅವರು ನಂಬಲ್ಲ. ಬಾತ್‌ರೂಮಿನ ತೂಕದ ಯಂತ್ರವೇ ಆಗಬೇಕು. ಮೊದಲು ತಾವೊಬ್ಬರೇ ನಿಲ್ಲೋದು, ಆಮೇಲೆ ಸೂಟ್‌ಕೇಸ್ ಅಪ್ಪಿಕೊಂಡು ನಿಲ್ಲೋದು, ಅದರಲ್ಲಿ ಇದನ್ನು ಕಳೆಯೋದು. ಲೆಕ್ಕವೇನೋ ಸರಿ. ಆದರೆ ಅಪ್ಪಿಕೊಂಡವರಿಗೆ ಕಾಲಡಿಯ ಅಂಕಿ ಕಾಣಬೇಕಲ್ಲ! ಹಾಗಾಗಿ ಅಳಿಯ ಅನ್ನಿಸಿಕೊಂಡವನು ಟೈಲ್ಸ್ ಮೇಲೆ ಬೋರಲು ಮಲಗಿ, ಮಾವನವರ ಹೆಬ್ಬೆರಳಿನ ಪಕ್ಕ ಕೆನ್ನೆ ಇಟ್ಟು ಅಂಕಿ ಓದಬೇಕು. ಅದೂ ಪೌಂಡ್‌ನಲ್ಲಿ. ನಾನು 2.2ರಿಂದ ಭಾಗಿಸ್ತಾ ಇದ್ದರೆ ಮೇಲಿನಿಂದ ಪ್ರಶ್ನೆ ಬೀಳುತ್ತೆ: "ಅಲ್ರೀ, ಅರಿಝೋನಾದಲ್ಲಿ ರ‍್ಯಾಟಲ್ ಸ್ನೇಕೇ 13 ಜಾತಿ ಇದೆಯಂತಲ್ರೀ?"

ಇದೆ, ಬಾಲದ ಗಿಲಕಿ ಆಡಿಸೋ ಆ ವಿಷದ ಹಾವು. ಬೇಸಿಗೆಯಲ್ಲಿ ನೆರಳು ಹುಡುಕಿಕೊಂಡು ಅದರಲ್ಲೇ ಒಂದಾದ ಡೈಮಂಡ್‌ಬ್ಯಾಕ್ ಹಾವು ಗರಾಜಿಗೂ ನುಗ್ಗುತ್ತೆ ಅಂತ ಪಾರ್ಕಿನಲ್ಲಿ ಯಾರೋ ಇವರ ಕಿವಿಗೆ ಹಾಕಿದ್ದಾರೆ. ಅದು ಸುಳ್ಳೂ ಅಲ್ಲ, ಅದೇ ಕಷ್ಟ. ಸೂಟ್‌ಕೇಸ್‌ಗಳು ಇದ್ದದ್ದು ಗರಾಜಿನಲ್ಲೇ. ಅವತ್ತಿನಿಂದ ಜಿಪ್ ಎಳೆಯೋ ಮುಂಚೆ ಪೊರಕೆ ಹಿಡಿಯಲ್ಲಿ ಕುಟ್ಟಿ, ಗಿಲಕಿ ಸದ್ದು ಬರುತ್ತಾ ಅಂತ ಕಿವಿಗೊಟ್ಟು ಕೇಳಬೇಕು. ಏನೂ ಕೇಳಿಸದಿದ್ದರೂ ಸಮಾಧಾನ ಇಲ್ಲ. "ಮರಿ ಇರಬಹುದಲ್ವಾ? ಮರಿಗೆ ಗಿಲಕಿ ಆಡಿಸಕ್ಕೆ ಬರಲ್ಲ." ಅದೂ ನಿಜವೇ. ಹುಟ್ಟಿದ ಮರಿಯ ಬಾಲದಲ್ಲಿ ಇರೋದು ಅಂಗಿ ಗುಂಡಿಯಂಥ ಒಂದೇ ಒಂದು ಗಂಟು. ಪೊರೆ ಬಿಟ್ಟಂತೆಲ್ಲ ಒಂದೊಂದು ಉಂಗುರ ಸೇರಿ, ಅವು ಒಂದಕ್ಕೊಂದು ತಾಗಿದರೇನೇ ಸದ್ದು. ಹಾಗಾದರೆ ಕುಟ್ಟಿ ಕಿವಿಗೊಡೋದು ಯಾಕೆ ಅಂತ ಕೇಳಬಾರದು. ಕೇಳಿದರೆ ಹೆಂಡತಿ ನನ್ನನ್ನೇ ನೋಡುತ್ತಾಳೆ.

"ಯೂಮಾ ಕಡೆ ಮರಳಲ್ಲಿ ಅಡ್ಡಡ್ಡ ಹರಿಯೋದು ಸೈಡ್‌ವೈಂಡರ್. ಸೌತ್ ಮೌಂಟನ್ ಬಂಡೆ ಸಂದೀಲಿ ಕಪ್ಪು ಬಾಲದ್ದು. ಬಯಲಿನ ಕುರುಚಲಲ್ಲಿ ಮೊಹಾವಿ, ಅದರ ವಿಷ ಸೀದಾ ನರಕ್ಕೇ ಹೊಡೆಯುತ್ತಂತೆ. ಪವರ್ ಬ್ಯಾಂಕ್ ಯಾವುದರಲ್ಲಿ ಇಡಲಿ?"

"ಕೈಚೀಲದಲ್ಲಿ, ಮಾವ."

"1986ರಿಂದ ಈ ರಾಜ್ಯದ ಅಧಿಕೃತ ಸರೀಸೃಪವೇ ಒಂದು ಜಾತಿ ರ‍್ಯಾಟಲ್ ಸ್ನೇಕಂತೆ. ಎಂಥಾ ಊರಿಗೆ ಮಗಳನ್ನ ಕಳಿಸಿದೆ ನೋಡ್ರೀ. ಬೀಗದ ಕೈ ಎಲ್ಲಿಟ್ಟಿದ್ದೀರಿ?"

ಬರುವಾಗ ಇದೇ ಸೂಟ್‌ಕೇಸಿನ ತುಂಬ ಹಪ್ಪಳ, ಚಟ್ನಿಪುಡಿ, ನಾಲ್ಕು ಸುತ್ತು ಪ್ಲಾಸ್ಟಿಕ್ ಸುತ್ತಿದ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಈಗ ಬಾದಾಮಿ, ಚಾಕೊಲೇಟ್, ವಿಟಮಿನ್ ಮಾತ್ರೆ. ಒಳಗಿನ ಬಟ್ಟೆಗೆ ಹತ್ತಿದ ಇಂಗಿನ ವಾಸನೆ ಮಾತ್ರ ಹೋಗಿಲ್ಲ. "ಮಂಡಿ ಒಪ್ಪಿದ್ರೆ ಇನ್ನೊಂದು ಸಲ ಬರ್ತೀನಿ" ಅಂದರು. ಅವರ ಮಂಡಿ ಒಪ್ಪೋದು ಕಷ್ಟ ಅಂತ ಇಬ್ಬರಿಗೂ ಗೊತ್ತು. ಸ್ವಲ್ಪ ಹೊತ್ತು ಹಾವಿನ ಸುದ್ದಿಯೂ ಬರಲಿಲ್ಲ.

ಕೊನೆಗೆ ಒಂದೂವರೆ ಕೆಜಿ ಜಾಸ್ತಿ ಬಂತು. ಬಹಳ ಯೋಚನೆ ಮಾಡಿ ಅತ್ತೆಗೆ ಅಂತ ಕೊಂಡಿದ್ದ ಸ್ವೆಟರನ್ನೂ ಚಪ್ಪಲಿಯನ್ನೂ ತೆಗೆದಿಟ್ಟರು. ಅರಿಝೋನಾ ಹಾವುಗಳ ದಪ್ಪ ಪುಸ್ತಕ ಒಳಗೇ ಉಳಿಯಿತು. ಅತ್ತೆ ಕೇಳಿದರೆ, ಅಳಿಯಂದಿರೇ ತೆಗೆಸಿದ್ದು ಅಂತ ಹೇಳುತ್ತಾರಂತೆ.